ಮಡಿಲಿನಿಂದ ಇಳಿದ ಕೂಸು



ಸೊಲ್ಲಾಪುರದ ಇತಿಹಾಸ ಹೇಳುವಾಗ ಸಿದ್ಧರಾಮೇಶ್ವರರ ಕೆರೆ, ಊರ ನಡುವಿನ ಕೋಟೆ, ಗಿರಣಿಗಳ ಚಿಮಣಿ, 1930ರ ಮಾರ್ಶಲ್ ಲಾ, ಇವು ತಪ್ಪದೆ ಬರುತ್ತವೆ. ಇವತ್ತು ಅದೇ ಊರಿನ ಮನೆಗಳ ಒಳಗಿನ ಒಂದು ಸಣ್ಣ ಇತಿಹಾಸವನ್ನು ನೋಡೋಣ. ಮನೆಯಲ್ಲಿ ಎರಡು ವರ್ಷದ ಮಗುವೊಂದಿದೆ. ಅಷ್ಟರಲ್ಲಿ ಇನ್ನೊಂದು ಕೂಸು ಹುಟ್ಟಿದೆ. ತಾಯಿಯ ಮಡಿಲು ಒಂದೇ. ಸಣ್ಣದು ಮಡಿಲೇರಿದರೆ ದೊಡ್ಡದು ಕೆಳಗಿಳಿಯಲೇಬೇಕು. ಹೀಗೆ ಇಳಿದ ಮಗುವನ್ನು ಯಾರು ಎತ್ತಿಕೊಂಡರು? ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಸಿಕ್ಕಿದೆ. ಆ ಉತ್ತರಗಳ ಕಥೆಯೇ ಇಂದಿನ ವಿಷಯ.

ಮೊದಲು ಒಕ್ಕಲುತನದ ದೊಡ್ಡ ಮನೆಯನ್ನು ನೆನೆಯೋಣ. ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ನಮ್ಮ ಕಡೆಯ ರೂಢಿ. ಎರಡನೆಯದು ಅನೇಕ ಕಡೆ ಗಂಡನ ಮನೆಯಲ್ಲೇ ಆಗುತ್ತಿತ್ತು. ಬಾಣಂತಿಯ ಕೋಣೆಗೆ ಗಾಳಿ ಬೆಳಕು ಕಡಿಮೆ. ಒಳಗೆ ಕುಳ್ಳಿನ ಬೆಂಕಿ, ಎಣ್ಣೆ ನೀರು, ಬಜೆ ಮತ್ತು ಜಾಯಿಕಾಯಿ ತೇಯ್ದು ನೆಕ್ಕಿಸುವ ಸಾಣೆಕಲ್ಲು. ಹಣೆಬರಹ ಬರೆಯುವ ಶೆಟಿಗೆವ್ವನ ಪೂಜೆ, ಆಮೇಲೆ ತೊಟ್ಟಿಲ ಕಾರ್ಯ, ಹೆಸರಿಡುವುದು. ಉಳ್ಳವರ ಮನೆಯಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲು, ಇಲ್ಲದವರ ಮನೆಯಲ್ಲಿ ತೊಲೆಗೆ ಕಟ್ಟಿದ ಹಳೆಯ ಸೀರೆಯ ಜೋಳಿಗೆ. ಈ ಶಾಸ್ತ್ರಗಳೆಲ್ಲ ಹೊಸ ಕೂಸಿನವು. ಕೋಣೆಯ ಹೊಸ್ತಿಲಲ್ಲಿ ನಿಂತು "ಅವ್ವಾ" ಎಂದು ಅಳುವ ದೊಡ್ಡ ಮಗುವಿಗೆ ಆ ದಿನ ಸಿಗುತ್ತಿದ್ದುದು ಒಂದು ಹೊಸ ಹೆಸರು: ಅಣ್ಣ, ಇಲ್ಲವೆ ಅಕ್ಕ. ಎರಡು ವರ್ಷಕ್ಕೇ ಹಿರಿತನ!

ಆ ಹಿರಿತನದ ಭಾರವನ್ನು ಹಂಚಿಕೊಳ್ಳುತ್ತಿದ್ದವಳು ಆಯಿ. ರಾತ್ರಿ ಮಗು ಆಯಿಯ ಕೌದಿಯೊಳಗೆ ಮಲಗುತ್ತಿತ್ತು. ಹಗಲು ಅವಳೇ ಜೋಳದ ರೊಟ್ಟಿಯನ್ನು ಹಾಲಿನಲ್ಲೋ ಬೇಳೆಯ ಕಟ್ಟಿನಲ್ಲೋ ನೆನೆಸಿ, ಕಿವುಚಿ ಉಣಿಸುತ್ತಿದ್ದಳು. ಹಿಡಿದು ತಳ್ಳುತ್ತ ನಡೆಯಲು ಮೂರು ಗಾಲಿಯ ಕಟ್ಟಿಗೆಯ ಗಾಡಿ ಇರುತ್ತಿತ್ತು. ಮರಾಠಿಯವರು ಅದನ್ನು ಪಾಂಗುಳಗಾಡಾ ಅನ್ನುತ್ತಾರೆ. ಆಯಿ ಗಟ್ಟಿಮುಟ್ಟಾಗಿದ್ದ ಮನೆಯಲ್ಲಿ ಮಡಿಲಿನಿಂದ ಇಳಿದ ಮಗು ನೆಲಕ್ಕೆ ಬೀಳಲಿಲ್ಲ, ಇನ್ನೊಂದು ಮಡಿಲಿಗೆ ದಾಟಿತು.

ದಾಟದಿದ್ದರೆ ಏನಾಗುತ್ತದೆ ಎಂಬುದು ನಮ್ಮ ಹಳೆಯ ವೈದ್ಯರಿಗೆ ಚೆನ್ನಾಗಿ ಗೊತ್ತಿತ್ತು. ತಾಯಿ ಮತ್ತೆ ಗರ್ಭಿಣಿಯಾದಾಗ ಅವಳ ಹಾಲನ್ನೇ ನಂಬಿದ ಮಗು ಕೃಶವಾಗುತ್ತದೆ, ಅದಕ್ಕೆ ಹಸಿವು ಕುಗ್ಗುತ್ತದೆ, ಕೆಮ್ಮು ವಾಂತಿ ಹತ್ತುತ್ತವೆ, ಹೊಟ್ಟೆ ಉಬ್ಬುತ್ತದೆ ಎಂದು ಆಯುರ್ವೇದದ ಗ್ರಂಥಗಳು ಹೇಳಿವೆ. ಆ ರೋಗಕ್ಕೆ ಪಾರಿಗರ್ಭಿಕ ಎಂದು ಹೆಸರು. ಅದರ ಇನ್ನೊಂದು ಹೆಸರು ಪರಿಭವ. ಪರಿಭವ ಎಂದರೆ ಅವಮಾನ, ಸೋಲು. ಇದಕ್ಕೆ ಬಹಳ ಹತ್ತಿರದ ಮಾತು ದೂರದ ಆಫ್ರಿಕದಲ್ಲೂ ಇದೆ. ಇಂದಿನ ಘಾನಾ ದೇಶದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಮಕ್ಕಳ ಒಂದು ರೋಗವನ್ನು ಗುರುತಿಸಿ 1933ರಲ್ಲಿ ಅದರ ಬಗ್ಗೆ ಬರೆದರು. ಮೈ ಬಾತು, ಕೂದಲು ಕೆಂಚಾಗಿ, ಮಗು ಮಂಕಾಗುವ ರೋಗ ಅದು. 1935ರಲ್ಲಿ ಅವರು ಅದಕ್ಕೆ ಅಲ್ಲಿನ ಗಾ ಭಾಷೆಯ ಹೆಸರನ್ನೇ ಬಳಸಿದರು: ಕ್ವಾಷಿಯೋರ್ಕರ್. ಮುಂದಿನ ಕೂಸು ಹುಟ್ಟಿದಾಗ ದೊಡ್ಡದಕ್ಕೆ ಬರುವ ಬೇನೆ ಎಂಬುದೇ ಅದರ ಭಾವ. ಎರಡು ಖಂಡಗಳ ಜನ ಬೇರೆ ಬೇರೆಯಾಗಿ ಒಂದೇ ಮಾತನ್ನು ಕಂಡುಕೊಂಡಿದ್ದರು. ಈ ಬೇನೆಯ ಬೇರು ಎರಡು ಕಡೆ ಇತ್ತು: ತಾಯಿಯ ಹಾಲು ನಿಂತ ಮೇಲೆ ತಟ್ಟೆಗೆ ಏನು ಬಂತು, ಅದನ್ನು ಕೂತು ಉಣಿಸುವವರು ಯಾರಿದ್ದರು.

ಈಗ ಗಿರಣಿಯ ಕಾಲಕ್ಕೆ ಬರೋಣ. 1877ರಲ್ಲಿ ಸೊಲ್ಲಾಪುರದಲ್ಲಿ ಮೊದಲ ನೂಲಿನ ಗಿರಣಿ ಶುರುವಾಯಿತು. ಜನ ಅದನ್ನು ಜುನೀ ಮಿಲ್, ಹಳೆ ಗಿರಣಿ ಎಂದೇ ಕರೆದರು. 1876ರಿಂದ 78ರ ಭೀಕರ ಬರ ಈ ಸೀಮೆಯನ್ನು ಹಿಂಡುತ್ತಿದ್ದ ಹೊತ್ತು ಅದು. ಮುಂದೆ ನರಸಿಂಗಗಿರ್ಜಿ, ಲಕ್ಷ್ಮಿ, ವಿಷ್ಣು ಗಿರಣಿಗಳೂ ಎದ್ದವು. ಸುತ್ತಲಿನ ಕನ್ನಡ, ಮರಾಠಿ, ತೆಲುಗು ಹಳ್ಳಿಗಳಿಂದ ಕುಟುಂಬಗಳು ಬಂದು ಚಾಳುಗಳಲ್ಲಿ ನೆಲೆಸಿದವು. ಹೊಲ ಹಿಂದೆ ಉಳಿಯಿತು, ಅನೇಕರಿಗೆ ಆಯಿಯೂ ಊರಿನಲ್ಲೇ ಉಳಿದಳು. ಹೊಲಕ್ಕೆ ಹೋಗುವ ತಾಯಿ ಬೇವಿನ ಗಿಡಕ್ಕೆ ಜೋಳಿಗೆ ಕಟ್ಟಿ, ದೊಡ್ಡ ಮಗುವನ್ನು ನೆರಳಲ್ಲಿ ಕೂಡಿಸಿ ಕಳೆ ತೆಗೆಯಬಹುದಿತ್ತು. ಗಿರಣಿಯ ಭೋಂಗಾ ಕೂಗಿದ ಮೇಲೆ ಆ ಅನುಕೂಲವಿಲ್ಲ. 1891ರ ಕಾರಖಾನೆ ಕಾಯ್ದೆ ಹೆಂಗಸರ ದುಡಿಮೆಗೆ ಮಿತಿ ಹಾಕಿತು. ಆ ಮಿತಿಯೇ ದಿನಕ್ಕೆ 11 ತಾಸು, ನಡುವೆ ಒಂದೂವರೆ ತಾಸು ಬಿಡುವು. ಹನ್ನೊಂದು ತಾಸು ಒಂದು ಕೂಸು ಮತ್ತು ಒಂದು ನಡೆಯುವ ಮಗು ಏನು ಮಾಡಬೇಕು?

ಮುಂಬೈ ಪ್ರಾಂತದ ಗಿರಣಿ ಊರುಗಳಲ್ಲಿ ಇದಕ್ಕೆ ಸಿಕ್ಕ ಉತ್ತರವನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ. ಆ ಉತ್ತರ ಅಫೀಮು. ಬಾಳಾಗೋಳಿ ಎಂಬ ಮುದ್ದಾದ ಹೆಸರಿನ ಸಣ್ಣ ಗುಳಿಗೆಯನ್ನು ಕೂಸಿಗೆ ಕೊಟ್ಟು ತಾಯಿ ಕೆಲಸಕ್ಕೆ ಹೋಗುತ್ತಿದ್ದಳು. ಕೂಸು ದಿನವಿಡೀ ಮಲಗುತ್ತಿತ್ತು, ಹಸಿವಾದರೂ ಏಳುತ್ತಿರಲಿಲ್ಲ. ಕೆಲವು ಕೂಸುಗಳು ಏಳಲೇ ಇಲ್ಲ. ಇದನ್ನು ತಾಯಿಯ ಕ್ರೌರ್ಯ ಎಂದವರು ಆಗಲೂ ಇದ್ದರು. ಆದರೆ ಕಾವಲಿಗೆ ಯಾರೂ ಇಲ್ಲದ ಮನೆಯಲ್ಲಿ ಒಲೆ, ನೀರಿನ ಹಂಡೆ, ಬೀದಿ, ಇವುಗಳಿಂದ ಕೂಸನ್ನು ಉಳಿಸಲು ಆಕೆಗೆ ತೋಚಿದ ದಾರಿ ಅದೊಂದೇ. ಕಾರ್ಮಿಕರ ಸ್ಥಿತಿ ನೋಡಲು 1929ರಲ್ಲಿ ನೇಮಕವಾದ ರಾಯಲ್ ಕಮಿಷನ್ 1931ರಲ್ಲಿ ವರದಿ ಕೊಟ್ಟಿತು. ಅಫೀಮಿನ ಈ ಚಾಳಿಯನ್ನು ಅದು ಗಮನಿಸಿತು; 250ಕ್ಕೂ ಹೆಚ್ಚು ಹೆಂಗಸರಿರುವ ಕಾರಖಾನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಕಡ್ಡಾಯವಾಗಲಿ ಎಂದೂ ಹೇಳಿತು.

ಅಷ್ಟರಲ್ಲಿ ಕಾಯ್ದೆಯ ಬಾಗಿಲು ಸ್ವಲ್ಪ ತೆರೆದಿತ್ತು. 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಚರ್ಚೆಗೆ ಬಂದಾಗ ಡಾ. ಬಾಬಾಸಾಹೇಬ ಅಂಬೇಡ್ಕರರು ಅದರ ಪರವಾಗಿ ಮಾತನಾಡಿದರು. 1929ರಲ್ಲಿ ಅದು ಕಾಯ್ದೆಯಾಯಿತು. ದೇಶದಲ್ಲಿ ಅಂಥ ಕಾಯ್ದೆ ಅದೇ ಮೊದಲು. 1934ರ ಕಾರಖಾನೆ ಕಾಯ್ದೆ ಶಿಶುಗೃಹದ ನಿಯಮ ಮಾಡುವ ಅಧಿಕಾರವನ್ನು ಪ್ರಾಂತಗಳಿಗೆ ಕೊಟ್ಟಿತು. 1948ರ ಕಾಯ್ದೆ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಗೃಹ ಇರಲೇಬೇಕೆಂದಿತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. 1961ರ ಹೆರಿಗೆ ಭತ್ಯೆ ಕಾಯ್ದೆ, ಕೂಸಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆರಡು ಬಾರಿ ಹಾಲೂಡಿಸಲು ಬಿಡುವು ಕೊಟ್ಟಿತು. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ರಜೆಯನ್ನು 26 ವಾರಕ್ಕೆ ಏರಿಸಿತು.

ಎಲ್ಲವೂ ಒಳ್ಳೆಯ ಕಾಯ್ದೆಗಳೇ. ಆದರೆ ಅವು ಕಾರಖಾನೆಯ ಗೇಟಿನವರೆಗೆ ಬಂದು ನಿಂತವು. ಹೆಂಗಸರು ಅಷ್ಟರಲ್ಲಿ ಗೇಟಿನ ಹೊರಗೆ ಬೀಳತೊಡಗಿದ್ದರು. ಮುಂಬೈ ಗಿರಣಿಗಳಲ್ಲಿ ಹೆಂಗಸರ ಪಾಲು 1930ರ ದಶಕದಿಂದ ಇಳಿಯುತ್ತ ಬಂತು. ಹೊಸ ಯಂತ್ರಗಳು ಅವರ ಕೆಲಸ ಕಸಿದವು. ರಾತ್ರಿ ಪಾಳಿಗೆ ಅವರನ್ನು ಹಾಕುವಂತಿರಲಿಲ್ಲ. ಹೆರಿಗೆ ಭತ್ಯೆ ತಮಗೆ ಹೊರೆಯೆಂದು ಮಾಲಕರು ಎಣಿಸಿದರು. ಸೊಲ್ಲಾಪುರದ ಗಿರಣಿಗಳಂತೂ ಒಂದೊಂದಾಗಿ ಮುಚ್ಚಿದವು. ಊರಿನ ಸಾವಿರಾರು ಹೆಂಗಸರ ಕೈಗೆ ಬೀಡಿ ಬಂತು.

ಬೀಡಿ ಮನೆಯಲ್ಲೇ ಕಟ್ಟುವ ಕೆಲಸ, ಮಕ್ಕಳು ಕಣ್ಣೆದುರೇ ಇರುತ್ತವಲ್ಲ ಎಂದು ಅನಿಸಬಹುದು. ಆದರೆ ಬೀಡಿ ಕಟ್ಟುವವಳ ಮಡಿಲಲ್ಲಿ ಮೊರ ಇರುತ್ತದೆ. ಮೊರದಲ್ಲಿ ನೆನೆಸಿ ಕತ್ತರಿಸಿದ ಎಲೆ, ತಂಬಾಕು, ದಾರದ ಉಂಡೆ. ಕೂಲಿ ಸಾವಿರದ ಲೆಕ್ಕದಲ್ಲಿ. ಸಣ್ಣ ಕೂಸು ಜೋಳಿಗೆಯಲ್ಲಿ, ಮೊರ ಮಡಿಲಲ್ಲಿ; ನಡುವಿನ ಮಗುವಿಗೆ ಜಾಗವೆಲ್ಲಿ? ಅದು ತಂಬಾಕಿನ ಪುಡಿಗೆ ಕೈ ಹಾಕುತ್ತದೆ, ಬೈಸಿಕೊಳ್ಳುತ್ತದೆ, ಹೊರಗೆ ಹೋಗುತ್ತದೆ. ಅದರ ಹಿಂದೆ ಓಡುವವಳು ಏಳೆಂಟು ವರ್ಷದ ಅಕ್ಕ. ತಮ್ಮನನ್ನು ಬಗಲಲ್ಲಿ ಎತ್ತಿಕೊಂಡು ಒಂದು ಕಡೆ ವಾಲಿ ನಡೆಯುವ ಹುಡುಗಿಯನ್ನು ನಮ್ಮ ಓಣಿಗಳಲ್ಲಿ ಯಾರು ನೋಡಿಲ್ಲ? ಆಯಿಯ ಜಾಗ ಬರಿದಾದಲ್ಲೆಲ್ಲ ಈ ಅಕ್ಕ ಬಂದು ನಿಂತಳು. ಅದಕ್ಕಾಗಿ ಅವಳು ತನ್ನ ಪಾಟಿ ಪುಸ್ತಕ ತೆತ್ತಳು. ಬೀಡಿಯ ತುದಿ ಮಡಚುವ ಕೆಲಸವೂ ಅವಳದೇ. 1986ರ ಬಾಲಕಾರ್ಮಿಕ ಕಾಯ್ದೆ ಬೀಡಿ ಕೆಲಸವನ್ನು ಮಕ್ಕಳಿಗೆ ನಿಷೇಧಿಸಿತು; ಮನೆಯವರೊಂದಿಗೆ ಮಾಡುವ ಕೆಲಸಕ್ಕೆ ಆ ನಿಷೇಧ ತಾಗಲಿಲ್ಲ.

ಈ ಅಕ್ಕನನ್ನು ಕಣ್ತೆರೆದು ನೋಡಿದವರು ಮಹಾರಾಷ್ಟ್ರದಲ್ಲಿ ಇಬ್ಬರು ಹೆಣ್ಣುಮಕ್ಕಳು: ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್. 1945ರಲ್ಲಿ ಅವರು ಆಗಿನ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಬಡ ಮಕ್ಕಳಿಗಾಗಿ ಬಾಲವಾಡಿ ತೆರೆದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ಅಂಗಳದ ಆ ಶಾಲೆಯೇ ಅಂಗನವಾಡಿ. ಮುಂದೆ ಕೋಸಬಾಡದ ಗುಡ್ಡದಲ್ಲಿ ಶಿಶುಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಕೂಡಿಸಿ ವಿಕಾಸವಾಡಿ ಎಂದು ಹೆಸರಿಟ್ಟರು. ಕಾರಣ ಸರಳ. ಬಗಲಲ್ಲಿ ಕೂಸಿರುವ ಹುಡುಗಿಗೆ ಶಾಲೆಗೆ ಬಾ ಎಂದರೆ ಸಾಲದು. ಆ ಕೂಸನ್ನು ಇಳಿಸಲು ಒಂದು ಜಾಗ ಕೊಡಬೇಕು. ಒಂದನ್ನು ತೊಟ್ಟಿಲಿಗೆ, ಒಂದನ್ನು ಆಟಕ್ಕೆ ಬಿಟ್ಟು ಅಕ್ಕ ತರಗತಿಯಲ್ಲಿ ಕೂತಳು.

ಅಂಗನವಾಡಿ ಎಂಬ ಆ ಹೆಸರು ದೇಶವೆಲ್ಲ ಹರಡಿತು. 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿತು. ಮೈಸೂರು ಜಿಲ್ಲೆಯ ತಿ. ನರಸೀಪುರ ಅವುಗಳಲ್ಲೊಂದು. ಇಂದು ಅಕ್ಕಲಕೋಟೆ, ಜತ್ತ ತಾಲೂಕುಗಳ ಹಳ್ಳಿಗಳಲ್ಲೂ ಅಂಗನವಾಡಿ ಉಂಟು. ಆದರೆ ಲೆಕ್ಕ ಹಾಕಿ ನೋಡಿ. ಅಲ್ಲಿ ಕೂತು ಆಡಿ ಕಲಿಯುವುದು ಮೂರರಿಂದ ಆರು ವರ್ಷದ ಮಕ್ಕಳಿಗೆ. ಮೂರರೊಳಗಿನ ಮಗುವಿಗೆ ಆಹಾರದ ಪೊಟ್ಟಣ ಮನೆಗೆ ಬರುತ್ತದೆ. ಅದನ್ನು ಬೇಯಿಸಿ, ಕೂತು ಉಣಿಸುವವರು ಮನೆಯಲ್ಲೇ ಇರಬೇಕು. ಹೆರಿಗೆ ರಜೆ ಎಳೆಗೂಸಿಗೆ, ಅಂಗನವಾಡಿ ಮೂರು ತುಂಬಿದ ಮಗುವಿಗೆ, 2009ರ ಶಿಕ್ಷಣ ಹಕ್ಕಿನ ಕಾಯ್ದೆ ಆರು ತುಂಬಿದ ಮಗುವಿಗೆ. ಒಂದರಿಂದ ಮೂರರ ನಡುವಿನ ಮಗು, ಅಂದರೆ ಮಡಿಲಿನಿಂದ ಆಗತಾನೆ ಇಳಿದ ಮಗುವೇ, ಎಲ್ಲ ಕಾಯ್ದೆಗಳ ಸಂದಿಯಲ್ಲಿ ಜಾರಿತು. 1972ರ ಬರದಲ್ಲಿ ನಮ್ಮ ಸೀಮೆಯ ಹೆಂಗಸರು ಬರಗಾಲದ ಕಾಮಗಾರಿಗಳಲ್ಲಿ ಜಲ್ಲಿ ಒಡೆಯುವಾಗ ಮಕ್ಕಳು ಕಲ್ಲುರಾಶಿಯ ಪಕ್ಕದಲ್ಲೇ ಆಡಿದವು. 2005ರ ಉದ್ಯೋಗ ಖಾತ್ರಿ ಕಾಯ್ದೆ, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕೆಂದು ಹೇಳಿತ್ತು. 2022ರಲ್ಲಿ ಅಂಗನವಾಡಿಯ ಜೊತೆಗೇ ಶಿಶುಗೃಹ ನಡೆಸುವ ಯೋಜನೆಗೆ ಪಾಲನಾ ಎಂದು ಹೆಸರಿಟ್ಟರು. ಪಾಲನಾ ಎಂದರೆ ಹಿಂದಿಯಲ್ಲಿ ತೊಟ್ಟಿಲು. ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಕ್ಕಳು ಅದರಲ್ಲಿ ಸೇರುತ್ತಾರೆ. ಸಂದಿ ಎಲ್ಲಿದೆ ಎಂಬುದು ಕೊನೆಗೆ ಕಂಡಂತಾಯಿತು. ಅದನ್ನು ಮುಚ್ಚುವುದು ಪ್ರತಿ ಊರಿನಲ್ಲಿ ಆಗಬೇಕಾದ ಕೆಲಸ.

ಗಡಿನಾಡ ಕನ್ನಡಿಗರಾದ ನಮಗೆ ಇದರಲ್ಲಿ ಇನ್ನೊಂದು ಮಾತೂ ಅಡಗಿದೆ. ಮಗು ಮಾತು ಕಲಿಯುವುದು ಒಂದರಿಂದ ಮೂರರ ನಡುವಿನ ಈ ವಯಸ್ಸಿನಲ್ಲೇ. ಓಣಿಯಲ್ಲಿ ಮರಾಠಿ, ನೆರೆಮನೆಯಲ್ಲಿ ತೆಲುಗು ಇರುವ ಊರಿನಲ್ಲಿ ಮಗುವಿನ ಬಾಯಿಗೆ ಕನ್ನಡ ಬರುವುದು ಉಣಿಸುವವರ ಬಾಯಿಂದ. ತಾಯಿ ಸಣ್ಣ ಕೂಸಿನಲ್ಲೋ ದುಡಿಮೆಯಲ್ಲೋ ಮುಳುಗಿದ ಆ ವರ್ಷಗಳಲ್ಲಿ ತುತ್ತಿಗೊಂದು ಮಾತು, ಕೌದಿಯೊಳಗೊಂದು ಕಥೆ ಹೇಳಿ ಭಾಷೆಯನ್ನು ದಾಟಿಸಿದವರು ಆಯಿ ಮತ್ತು ಅಕ್ಕ. 1956ರ ರಾಜ್ಯ ವಿಂಗಡಣೆಯಾದ ಮೇಲೂ ನಮ್ಮ ಮನೆಗಳಲ್ಲಿ ಕನ್ನಡ ಉಳಿದದ್ದಕ್ಕೆ ಶಾಲೆ, ಸಂಘಗಳ ಜೊತೆಗೆ ಅವರನ್ನೂ ನೆನೆಯಬೇಕು.

ಈಗ ಮನೆಗಳು ಚಿಕ್ಕವಾಗಿವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992–93ರಲ್ಲಿ ದೇಶದಲ್ಲಿ ಒಬ್ಬ ತಾಯಿಗೆ ಸರಾಸರಿ 3.4 ಮಕ್ಕಳು, 2019–21ರ ಹೊತ್ತಿಗೆ ಅದು 2.0. ಎತ್ತಿಕೊಳ್ಳಲು ದೊಡ್ಡ ಅಕ್ಕ ಇಲ್ಲ, ಅವಳು ಶಾಲೆಯಲ್ಲಿದ್ದಾಳೆ. ಅದು ಸಂತೋಷದ ಸಂಗತಿ. ಆಯಿ ಹಳ್ಳಿಯಲ್ಲಿದ್ದಾಳೆ. ಬಾಣಂತಿಯ ಕೋಣೆಯ ಹೊರಗೆ ಅಳುವ ಮಗುವಿನ ಕೈಗೆ ಮೊಬೈಲು ಕೊಟ್ಟರೆ ಅದು ಸುಮ್ಮನಾಗುತ್ತದೆ. ಸುಮ್ಮನಿರಿಸುವುದು ಬೇರೆ, ನೋಡಿಕೊಳ್ಳುವುದು ಬೇರೆ ಎಂಬುದನ್ನು ಬಾಳಾಗೋಳಿಯ ಕಾಲ ನಮಗೆ ಕಲಿಸಿದೆ. ಆ ಪಾಠವನ್ನು ಅಪ್ಪಂದಿರೂ ಕೇಳಲಿ. ಇಷ್ಟು ದೂರ ಬಂದ ಈ ಕಥೆಯಲ್ಲಿ ಅವರ ಮಡಿಲಿನ ಮಾತು ಒಮ್ಮೆಯೂ ಬರಲಿಲ್ಲ. ಬರಬೇಕಾದ ಕಾಲ ಇದು.