ವೈಡೂರ್ಯದ ಬಣ್ಣ

ಹಳಗನ್ನಡ ಕಾವ್ಯಗಳಲ್ಲಿ ‘ವೈಡೂರ್ಯ’ ಎಂಬ ಮಾತು ಬಂದಾಗಲೆಲ್ಲ ನಮ್ಮ ವಿದ್ಯಾರ್ಥಿಗಳು ‘ಬೆಕ್ಕಿನ ಕಣ್ಣಿನಂಥ ರತ್ನ’ ಎಂದು ಅರ್ಥ ಬರೆದುಕೊಳ್ಳುತ್ತಾರೆ. ನವರತ್ನಗಳ ಇಂದಿನ ಪಟ್ಟಿಗೆ ಅದು ಸರಿ. ಪ್ರಾಚೀನ ಗ್ರಂಥಗಳಿಗೆಲ್ಲ ಅದನ್ನು ಹಚ್ಚಲಾಗದು. ಪ್ರಾಕೃತದ ‘ವೇರುಲಿಯ’ವೇ ಗ್ರೀಕರಲ್ಲಿ ‘ಬೇರಿಲ್ಲೋಸ್’ ಆಗಿ, ಇಂಗ್ಲಿಷಿನ ‘ಬೆರಿಲ್’ ಆಯಿತು. ಶ್ವೇತಾಂಬರ ಆಗಮವಾದ ಉತ್ತರಾಧ್ಯಯನಸೂತ್ರವು ನೀಲಲೇಶ್ಯೆಯ ಬಣ್ಣಕ್ಕೆ ಈ ವೇರುಲಿಯವನ್ನೇ ಹೋಲಿಕೆಯಾಗಿ ಕೊಡುತ್ತದೆ. ಬೆಕ್ಕಿನ ಕಣ್ಣಿನ ಹಳದಿ ಅಲ್ಲಿ ಹೊಂದುವುದೇ ಇಲ್ಲ.

ಕ್ರಿ.ಶ. 2ನೆಯ ಶತಮಾನದ ಟಾಲೆಮಿ ತನ್ನ ಭೂಗೋಳದಲ್ಲಿ ಬೆರಿಲ್ ದೊರೆಯುವ ಒಳನಾಡಿನ ಊರೆಂದು ‘ಪೌನ್ನಾಟ’ವನ್ನು ಹೆಸರಿಸಿದ್ದಾನೆ. ಇದು ಕಪಿಲೆಯ ದಡದ ಕಿತ್ತೂರು, ಅಂದರೆ ಕೀರ್ತಿಪುರವನ್ನು ರಾಜಧಾನಿಯಾಗುಳ್ಳ ಪುನ್ನಾಡು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕ್ರಿ.ಶ. 783ರಲ್ಲಿ ಹರಿವಂಶಪುರಾಣವನ್ನು ಮುಗಿಸಿದ ಜಿನಸೇನಾಚಾರ್ಯರು ಪುನ್ನಾಟ ಸಂಘದವರು. ರತ್ನದ ವ್ಯಾಪಾರಿಗಳಿಗೆ ಪರಿಚಿತವಾಗಿದ್ದ ನಾಡಿನ ಹೆಸರನ್ನೇ ಒಂದು ಮುನಿಸಂಘವೂ ಹೊತ್ತು ಪಶ್ಚಿಮ ಭಾರತದವರೆಗೆ ನಡೆಯಿತೆಂಬುದು ಗಮನಾರ್ಹ.

ಕಲ್ಲನ್ನು ಸಂಸ್ಕರಿಸುವ ಮಾತೂ ಹೊಸದಲ್ಲ. ‘ವಿದೂರ’ದಿಂದ ‘ವೈಡೂರ್ಯ’ ಎಂದು ಪಾಣಿನಿ ಸಾಧಿಸಿದಾಗ ಪತಂಜಲಿಗೆ ಒಂದು ತೊಡಕು ಎದುರಾಯಿತು: ಆ ಮಣಿ ಹುಟ್ಟುವುದು ವಾಲವಾಯದಲ್ಲಿ, ವಿದೂರದಲ್ಲಿ ಅದಕ್ಕೆ ಸಂಸ್ಕಾರ ಮಾತ್ರ. ಹುಟ್ಟಿದ ಊರನ್ನು ಬಿಟ್ಟು ಕೆಲಸ ನಡೆದ ಊರಿನ ಹೆಸರು ನಿಂತಿತೆಂಬ ಈ ಚರ್ಚೆ ವ್ಯಾಕರಣದ್ದಾದರೂ ಕುಶಲಕರ್ಮಿಯ ಚರಿತ್ರೆಗೆ ದೊಡ್ಡ ಸಾಕ್ಷಿ. (ನಮ್ಮ ಮಣಿಪಾಲದಲ್ಲಿಯೂ ‘ಮಣಿ’ಯಿಲ್ಲ; ತುಳುವಿನ ‘ಮಣ್ಣ ಪಳ್ಳ’ ಎಂಬ ಕೆರೆಯ ಹೆಸರು ಹೀಗೆ ಹೊಳಪು ಪಡೆದಿದೆ.) ಕ್ರಿ.ಶ. 79ರಲ್ಲಿ ತೀರಿಕೊಂಡ ಪ್ಲಿನಿಯಂತೂ ನೇರವಾಗಿಯೇ ದೂರುತ್ತಾನೆ: ಭಾರತೀಯರು ಸ್ಫಟಿಕಕ್ಕೆ ಬಣ್ಣವೇರಿಸಿ ರತ್ನಗಳನ್ನು, ಅದರಲ್ಲಿಯೂ ಬೆರಿಲನ್ನು, ಕೃತಕವಾಗಿ ಮಾಡುತ್ತಾರಂತೆ. ಗಿರಾಕಿಯ ಸಿಟ್ಟು ಆ ಮಾತಿನಲ್ಲಿ ಕಾಣುತ್ತದೆ. ಆದರೆ ಬೇಡಿಕೆಯಿಲ್ಲದ ಕಲ್ಲಿನ ನಕಲನ್ನು ಯಾರೂ ಮಾಡುವುದಿಲ್ಲ.

ಇಂದು ‘ಮಾರ್ಗನೈಟ್’ ಎನಿಸಿಕೊಳ್ಳುವ ಗುಲಾಬಿ ಬೆರಿಲ್‌ಗೆ ಆ ಹೆಸರನ್ನು ಸೂಚಿಸಿದವನು ಅಮೆರಿಕದ ರತ್ನತಜ್ಞ ಕುಂಜ್, 1910ರಲ್ಲಿ. ಮಡಗಾಸ್ಕರಿನ ಕಲ್ಲಿಗೆ ಧನಿಕ ಜೆ. ಪಿ. ಮಾರ್ಗನ್‌ನ ಹೆಸರು ಬಂದುದು ಹೀಗೆ. ಶುದ್ಧ ಬೆರಿಲ್‌ಗೆ ಬಣ್ಣವಿಲ್ಲ. ಮ್ಯಾಂಗನೀಸಿನ ಲೇಶದಿಂದ ಗುಲಾಬಿ, ಕಬ್ಬಿಣದಿಂದ ಹಳದಿ ಅಥವಾ ನೀಲಿ ಬರುತ್ತದೆ. ಎರಡೂ ಸೇರಿದ ಕಲ್ಲು ಕಿತ್ತಳೆಯತ್ತ ವಾಲುತ್ತದೆ. ಸುಮಾರು 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಹಳದಿ ಹೋಗಿ ಗುಲಾಬಿ ಉಳಿಯುತ್ತದೆ. ಆ ಬಣ್ಣ ಸ್ಥಿರವಾದುದು. ಕಾಯಿಸಿದ ಗುರುತು ಪ್ರಯೋಗಶಾಲೆಗೂ ಸಾಮಾನ್ಯವಾಗಿ ಸಿಗದು. ಪ್ಲಿನಿಯ ಆಕ್ಷೇಪ ಇದಕ್ಕೆ ತಾಗುವುದಿಲ್ಲ. ಅಲ್ಲಿ ಹೊರಗಿನಿಂದ ಬಣ್ಣವನ್ನು ತುಂಬಲಾಗಿತ್ತು. ಇಲ್ಲಿ ಒಳಗಿರುವ ಬಣ್ಣದ ಮುಸುಕನ್ನು ತೆಗೆಯಲಾಗಿದೆ. ಸಮಯಸಾರದಲ್ಲಿ ಕುಂದಕುಂದಾಚಾರ್ಯರು ಸ್ಫಟಿಕದ ದೃಷ್ಟಾಂತದಿಂದ ಹೇಳಹೊರಟ ಭೇದವೂ ಸ್ವಂತ ಬಣ್ಣ ಮತ್ತು ಪರದ ಬಣ್ಣಗಳದ್ದೇ. ಆದರೂ ಮಾರುವವನು ಕಾಯಿಸಿದ್ದನ್ನು ಹೇಳಬೇಕಾದದ್ದೇ ಸರಿ.

ಪ್ರಾಕೃತದಲ್ಲಿ 1315ರಲ್ಲಿ ರತ್ನಪರೀಕ್ಷೆಯನ್ನು ಬರೆದ ದೆಹಲಿಯ ಜೈನ ಠಕ್ಕುರ ಫೇರುವಿನಂಥವರನ್ನು ಪಕ್ಕಕ್ಕಿಟ್ಟುಕೊಂಡೇ ನಮ್ಮ ಕಾವ್ಯಗಳ ರತ್ನಪದಗಳಿಗೆ ಅರ್ಥ ಬರೆಯಬೇಕು. ಕಾರ್ಕಳಕ್ಕೆ ಹತ್ತಿರದ ಮೂಡುಬಿದಿರೆಯ ಗುರುಬಸದಿಯ ರತ್ನಬಿಂಬಗಳ ಹೆಸರುಗಳನ್ನು ಓದುವಾಗಲೂ, ಅವು ಪರಂಪರೆಯ ಹೆಸರುಗಳೇ ಹೊರತು ಖನಿಜಶಾಸ್ತ್ರದವಲ್ಲ ಎಂಬುದು ನೆನಪಿರಲಿ.