ಕೈಗೂಡದ ವಂಚನೆಗೆ ದಂಡವೆಷ್ಟು?

ಒಂದು ಊಹೆಯ ಪ್ರಸಂಗದಿಂದ ಈ ಭಾಷಣವನ್ನು ಆರಂಭಿಸುತ್ತೇನೆ. ಸಿರುಗುಪ್ಪದ ಭತ್ತದ ವರ್ತಕನೊಬ್ಬನ ಬಳಿಗೆ ಅಪರಿಚಿತನಾದ ದಲ್ಲಾಳಿಯೊಬ್ಬನು ಬರುತ್ತಾನೆ. ಬಳ್ಳಾರಿಯ ದೊಡ್ಡ ಮಂಡಿಯವರು ಬರೆದುಕೊಟ್ಟಂತೆ ತೋರುವ ಕಾಗದವನ್ನು ಮುಂದಿಟ್ಟು, ನೂರು ಚೀಲ ಇಂದೇ ಹೇರಿಸಿರಿ, ಹಣ ನಾಳೆ ಬರುತ್ತದೆ ಎನ್ನುತ್ತಾನೆ. ವರ್ತಕನು ರುಜುವನ್ನು ನೋಡಿ ಸಂಶಯಪಟ್ಟು ಪೋಲೀಸರಿಗೆ ಹೇಳಿಕಳುಹಿಸುತ್ತಾನೆ. ಒಂದು ಕಾಳೂ ಮಳಿಗೆಯಿಂದ ಹೊರಗೆ ಹೋಗಲಿಲ್ಲ. ನಷ್ಟವೇ ಇಲ್ಲದ ಕಡೆ ಅಪರಾಧವುಂಟೆ? ಉಂಟಾದರೆ ಅದರ ಶಿಕ್ಷೆಯನ್ನು ಯಾವ ಕೊಳಗದಿಂದ ಅಳೆಯಬೇಕು?

ಈ ಪ್ರಶ್ನೆ ಆ ಸೀಮೆಗೆ ಹೊಸದಲ್ಲ. ಬಳ್ಳಾರಿಗೂ ಸಿರುಗುಪ್ಪಕ್ಕೂ ನೆರೆಯಾದ ಕುರುಗೋಡು 12ನೆಯ ಶತಮಾನದಲ್ಲಿ ಸಿಂದರ ರಾಜಧಾನಿಯಾಗಿತ್ತು. ಆ ಸಿಂದರು ಕಲ್ಯಾಣದ ಚಾಲುಕ್ಯರ ಸಾಮಂತರು. ಅದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನು. ತಕ್ಕಡಿ, ರಾಜಶಾಸನ, ಅಳತೆ, ನಾಣ್ಯ ಇವುಗಳಲ್ಲಿ ಕೂಟವನ್ನು, ಎಂದರೆ ಕಪಟವನ್ನು, ಮಾಡಿದವನಿಗೂ ಅಂಥವುಗಳಿಂದ ವ್ಯವಹಾರ ನಡೆಸಿದವನಿಗೂ ಆ ಸ್ಮೃತಿ ಉತ್ತಮಸಾಹಸವೆಂಬ ದಂಡವನ್ನು ವಿಧಿಸುತ್ತದೆ. ಅದರ ಲೆಕ್ಕದಲ್ಲಿ ಅದು 1,080 ಪಣ. ಕೊಳ್ಳುವವನಿಗೆ ಎಷ್ಟು ನಷ್ಟವಾಯಿತೆಂದು ಆ ಶ್ಲೋಕ ಕೇಳುವುದೇ ಇಲ್ಲ. ಹೊಡೆದಾಟದ ವಿಷಯದಲ್ಲಾದರೋ, ಹೊಡೆಯದೆ ಕೈಯೆತ್ತಿದ ಮಾತ್ರಕ್ಕೆ 10 ಪಣದ ಅಲ್ಪದಂಡವನ್ನು ಹೇಳುತ್ತದೆ. ಎತ್ತಿದ ಕೈಗಿಂತ ಕಳ್ಳತಕ್ಕಡಿ ಭಯಂಕರವೆಂದು ನಮ್ಮ ಪೂರ್ವಿಕರು ಎಣಿಸಿದ್ದರೆಂದು ತೋರುತ್ತದೆ. ವ್ಯಾಪಾರದ ಊರುಗಳನ್ನು ಬಲ್ಲವರು ಇದನ್ನು ಅಲ್ಲಗಳೆಯಲಾರರು.

1800ನೆಯ ಇಸವಿಯಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟನು. ಮನ್ರೋ ಸಾಹೇಬನು 1807ರ ವರೆಗೆ ಅಲ್ಲಿ ಕಲೆಕ್ಟರನಾಗಿದ್ದುದು ಎಲ್ಲರಿಗೂ ತಿಳಿದ ವಿಷಯ. ಕಂಪನಿಯ ನ್ಯಾಯಾಲಯಗಳಲ್ಲಿ ಆಗ ನಡೆಯುತ್ತಿದ್ದುದು, ರೆಗ್ಯುಲೇಷನ್‌ಗಳಿಂದ ತಿದ್ದಲ್ಪಟ್ಟ ಮಹಮ್ಮದೀಯ ದಂಡನೀತಿ. ಅದರಲ್ಲಿ ವಂಚನೆಗೆ ಗೊತ್ತಾದ ಶಿಕ್ಷೆಯಿಲ್ಲ. ಅದು ತಾಜೀರ್, ಎಂದರೆ ನ್ಯಾಯಾಧಿಪತಿಯ ವಿವೇಚನೆಗೆ ಬಿಟ್ಟ ದಂಡನೆ. ಇಂಗ್ಲಿಷ್ ಕಾನೂನು ಇದಕ್ಕಿಂತ ದಯಾಮಯವಾಗಿತ್ತೆಂದು ಯಾರೂ ಭಾವಿಸಬೇಕಾಗಿಲ್ಲ. ಕಲ್ಕತ್ತೆಯ ಸುಪ್ರೀಂ ಕೋರ್ಟು ಅದನ್ನೇ ಅನ್ವಯಿಸಿ, ಸುಳ್ಳು ಪತ್ರದ ಆರೋಪದ ಮೇಲೆ 1775ರಲ್ಲಿ ನಂದಕುಮಾರನನ್ನು ಗಲ್ಲಿಗೇರಿಸಿತು.

ವಿವೇಚನೆಗೆ ಒಂದು ಎಲ್ಲೆ ಬಂದುದು ಭಾರತ ದಂಡಸಂಹಿತೆಯಿಂದ. ಮೆಕಾಲೆಯ ಆಯೋಗವು ಅದರ ಕರಡನ್ನು 1837ರಲ್ಲಿ ಸಿದ್ಧಪಡಿಸಿದರೂ ಅದು ಕಾನೂನಾದುದು 1860ರಲ್ಲಿ, ಜಾರಿಗೆ ಬಂದುದು 1862ರ ಜನವರಿ 1ರಂದು. ಮೋಸದಿಂದ ಸೊತ್ತನ್ನು ಕೊಡಿಸಿಕೊಂಡವನಿಗೆ 420ನೆಯ ಪ್ರಕರಣದಂತೆ ಏಳು ವರ್ಷಗಳವರೆಗೆ ಸೆರೆ. ಪ್ರಯತ್ನಪಟ್ಟು ಸೋತವನಿಗೆ 511ನೆಯ ಪ್ರಕರಣದಂತೆ ಅದರ ಅರ್ಧ, ಎಂದರೆ ಹೆಚ್ಚೆಂದರೆ ಮೂರೂವರೆ ವರ್ಷ. ಆಭರಣವನ್ನು ಕದಿಯಲು ಪೆಟ್ಟಿಗೆಯನ್ನೊಡೆದು ಅದು ಬರಿದಾಗಿರುವುದನ್ನು ಕಂಡ ಕಳ್ಳನೂ ತಪ್ಪಿತಸ್ಥನೇ ಎಂದು ಅದೇ ಪ್ರಕರಣದ ದೃಷ್ಟಾಂತ ಹೇಳುತ್ತದೆ.

ಆದರೆ ಪ್ರಯತ್ನವು ಎಲ್ಲಿ ಮೊದಲಾಗುತ್ತದೆ? ಇಂಗ್ಲೆಂಡಿನಲ್ಲಿ 1855ರಲ್ಲಿ ರೊಟ್ಟಿಯ ವ್ಯಾಪಾರಿಯೊಬ್ಬನ ವಿಚಾರಣೆಯಾಯಿತು. ಬಡವರಿಗೆ ಹಂಚಲು ಗುತ್ತಿಗೆ ಹಿಡಿದ ರೊಟ್ಟಿಗಳನ್ನು ಅವನು ತೂಕ ಕಡಮೆ ಮಾಡಿ ಕೊಟ್ಟಿದ್ದನು. ಹಣ ಕೈಗೆ ಬರುವ ಮೊದಲೇ ಸಿಕ್ಕಿಬಿದ್ದನು. ತಾನು ಮಾಡಬೇಕಾದ ಕಡೆಯ ಕೆಲಸವನ್ನು ಅವನು ಮಾಡಿ ಮುಗಿಸಿದ್ದಾನೆ, ಆದುದರಿಂದ ಇದು ಪ್ರಯತ್ನವೇ ಎಂದು ನ್ಯಾಯಾಲಯ ತೀರ್ಮಾನಿಸಿತು. ನಮ್ಮ ಸುಪ್ರೀಂ ಕೋರ್ಟು 1961ರಲ್ಲಿ ಇನ್ನೂ ಮುಂದೆ ಹೋಯಿತು. ಪದವೀಧರನೆಂದೂ ಉಪಾಧ್ಯಾಯನೆಂದೂ ಸುಳ್ಳು ಹೇಳಿಕೊಂಡು ಪಾಟ್ನಾ ವಿಶ್ವವಿದ್ಯಾನಿಲಯದ ಎಂ.ಎ. ಪರೀಕ್ಷೆಗೆ ಅರ್ಜಿ ಹಾಕಿದವನ ಮೊಕದ್ದಮೆ ಅದು. ಕಡೆಯ ಹೆಜ್ಜೆಯನ್ನೇ ಇಟ್ಟಿರಬೇಕಾಗಿಲ್ಲ, ಸಿದ್ಧತೆ ಮುಗಿದು ಅಪರಾಧದ ಕಡೆಗೆ ಕಾರ್ಯ ಹೊರಟಿದ್ದರೆ ಸಾಕು ಎಂದು ಅದು ಹೇಳಿತು. ಅಧ್ಯಾಪಕವೃತ್ತಿಯವನಾದ ನನಗೆ ಈ ತೀರ್ಪಿನಲ್ಲಿ ವಿಶೇಷ ಆಸಕ್ತಿಯಿದ್ದರೆ ಆಶ್ಚರ್ಯವಿಲ್ಲ.

ಈಗ ಸಿರುಗುಪ್ಪದ ದಲ್ಲಾಳಿಗೆ ಬರೋಣ. ಅವನು ಸೋತದ್ದು ಪಶ್ಚಾತ್ತಾಪದಿಂದಲ್ಲ, ವರ್ತಕನ ಕಣ್ಣು ಚುರುಕಾಗಿದ್ದುದರಿಂದ. ವರ್ತಕನ ಜಾಣತನದ ಫಲವನ್ನು ವಂಚಕನು ಅರ್ಧ ಶಿಕ್ಷೆಯ ರೂಪದಲ್ಲಿ ಉಣ್ಣುವುದು ನನಗೆ ಸರಿತೋರುವುದಿಲ್ಲ. ಆದರೂ ಮಾಲು ಹೋಗಿಬಿಟ್ಟ ಮನೆಯನ್ನೂ ಮಾಲು ಉಳಿದ ಮನೆಯನ್ನೂ ಕಾನೂನು ಒಂದೇ ಎನ್ನಲಾರದು. ನಷ್ಟಕ್ಕೂ ಒಂದು ತೂಕವಿರಬೇಕು.

ಇಲ್ಲೊಂದು ಸ್ವಾರಸ್ಯವುಂಟು. ದಲ್ಲಾಳಿ ಬರಿಯ ಬಾಯಿಮಾತಿನಿಂದ ಮೋಸಮಾಡಲು ಹೋಗಿದ್ದರೆ ಅವನಿಗೆ ಮೂರೂವರೆ ವರ್ಷದ ಮಿತಿ. ಆ ಕಾಗದವನ್ನು ಅವನೇ ಸೃಷ್ಟಿಸಿದ್ದರೆ ಮಾತು ಬೇರೆ: ವಂಚನೆಗಾಗಿ ಸುಳ್ಳು ಪತ್ರವನ್ನು ಸೃಷ್ಟಿಸುವುದು 468ನೆಯ ಪ್ರಕರಣದಲ್ಲಿ ತಾನೇ ಪೂರ್ಣವಾದ ಅಪರಾಧ, ಏಳು ವರ್ಷಗಳವರೆಗೆ ಸೆರೆ. ಯಾರೂ ಮೋಸಹೋಗದಿದ್ದರೂ ಅರ್ಧದ ರಿಯಾಯಿತಿ ಅಲ್ಲಿಲ್ಲ. ನಾಲಗೆಯ ಸುಳ್ಳನ್ನು ಅದರ ಫಲದಿಂದ ಅಳೆಯುವ ಕಾನೂನು, ತಕ್ಕಡಿಯಾಗಿಯೋ ಪತ್ರವಾಗಿಯೋ ರೂಪು ತಳೆದ ಸುಳ್ಳನ್ನು ಹುಟ್ಟಿದ ಕ್ಷಣದಲ್ಲಿಯೇ ಹಿಡಿಯುತ್ತದೆ. ಯಾಜ್ಞವಲ್ಕ್ಯನ ಕೂಟಶಾಸನವೂ ಮೆಕಾಲೆಯ ಸುಳ್ಳುಪತ್ರವೂ ಇಲ್ಲಿ ಒಂದೇ ಸಾಲಿನಲ್ಲಿ ಬಂದು ನಿಂತಿವೆ.

2024ರ ಜುಲೈ 1ರಿಂದ ಭಾರತೀಯ ನ್ಯಾಯಸಂಹಿತೆ ಜಾರಿಗೆ ಬಂದಿದೆ. ಸಾಮಾನ್ಯ ವಂಚನೆಗೆ ಒಂದು ವರ್ಷವಿದ್ದ ಸೆರೆಯ ಮಿತಿಯನ್ನು ಅದು ಮೂರಕ್ಕೆ ಏರಿಸಿತು. ಸೊತ್ತನ್ನು ಕೊಡಿಸಿಕೊಳ್ಳುವ ವಂಚನೆಗೆ ಏಳು ವರ್ಷ, ಪ್ರಯತ್ನಕ್ಕೆ ಅರ್ಧ, ಇವೆರಡನ್ನೂ ಹಾಗೆಯೇ ಉಳಿಸಿಕೊಂಡಿತು. ಆ ದಿನಕ್ಕೆ ಹಿಂದೆ ನಡೆದ ಕೃತ್ಯಗಳಿಗೆ ಹಳೆಯ ಸಂಹಿತೆಯೇ ಸಲ್ಲುವುದರಿಂದ, ಬಳ್ಳಾರಿಯ ನ್ಯಾಯಾಧೀಶರು ದಲ್ಲಾಳಿಯನ್ನು ಮೊದಲು ಕೇಳಬೇಕಾದ ಪ್ರಶ್ನೆ, ಅವನು ಮಳಿಗೆಯ ಮೆಟ್ಟಿಲನ್ನು ಹತ್ತಿದ್ದು ಯಾವ ತಾರೀಖು ಎಂಬುದು.