ಪಾರಂಪರಿಕ ಕಟ್ಟಡ ಸಂರಕ್ಷಣೆಯ ತರಬೇತಿ

ಹಳೆಯ ಕಟ್ಟಡಗಳನ್ನು ಅವುಗಳ ಮೂಲ ಸತ್ವ ಕೆಡದಂತೆ ದುರಸ್ತಿ ಮಾಡಿ ಉಳಿಸುವ ವಿದ್ಯೆಯನ್ನು ವಾಸ್ತುಶಿಲ್ಪಿ, ಎಂಜಿನಿಯರ್, ಕಲ್ಲುಕುಟಿಗ, ಗಾರೆ ಕೆಲಸದವ, ಬಡಗಿ ಮೊದಲಾದವರಿಗೆ ಕಲಿಸುವ ವ್ಯವಸ್ಥೆ. ಕಟ್ಟುವ ಕಸುಬು ಬಹಳ ಹಳೆಯದು. ಉಳಿಸುವುದೂ ಬೇರೆಯೇ ಒಂದು ವೃತ್ತಿ ಎಂಬ ತಿಳಿವಳಿಕೆ ಬಲವಾದದ್ದು 19ನೆಯ ಶತಮಾನದಲ್ಲಿ. ಅಂದಿನಿಂದಲೂ ನಕ್ಷೆ ಹಿಡಿದವರ ಕಲಿಕೆ ಒಂದು ಕಡೆ, ಉಳಿ ಹಿಡಿದವರ ಕಲಿಕೆ ಇನ್ನೊಂದು ಕಡೆ ಸಾಗಿಬಂದಿದೆ. ಇವೆರಡನ್ನೂ ಕೂಡಿಸಲು ನಡೆದ ಪ್ರಯತ್ನಗಳೇ ಈ ಕ್ಷೇತ್ರದ ಇತಿಹಾಸದ ಬಹುಭಾಗ.

ಯುರೋಪಿನ ದೊಡ್ಡ ಚರ್ಚುಗಳಿಗೆ ಹಿಂದೆ ಅವುಗಳದೇ ಕಾರ್ಯಾಗಾರಗಳಿದ್ದವು. ಸ್ಟ್ರಾಸ್‌ಬರ್ಗ್ ಕೆಥೆಡ್ರಲ್ಲಿನದು 13ನೆಯ ಶತಮಾನದಿಂದ ಇಂದಿನವರೆಗೂ ನಡೆದುಬಂದಿದೆ. ಅಲ್ಲಿ ಪಠ್ಯಕ್ರಮ ಎಂಬುದಿರಲಿಲ್ಲ. ಹಿರಿಯ ಕುಟಿಗನ ಪಕ್ಕದಲ್ಲಿ ನಿಂತು ಕಿರಿಯ ಕಲಿಯುತ್ತಿದ್ದ. ತರಗತಿಯ ಪಾಠ ಆರಂಭವಾದದ್ದು ಫ್ರಾನ್ಸಿನಲ್ಲಿ. ವಾಸ್ತುಶಿಲ್ಪಿ ವಿಯೊಲೆ-ಲ-ಡ್ಯೂಕ್‌ನ ಶಿಷ್ಯ ಅನತೋಲ್ ದ ಬೋದೋ 1887ರಲ್ಲಿ ಪ್ಯಾರಿಸಿನಲ್ಲಿ ಮಧ್ಯಯುಗದ ವಾಸ್ತುಶಿಲ್ಪದ ಬೋಧನೆ ಶುರುಮಾಡಿದ. ಅದೇ ಮುಂದೆ ಶೈಯೋ ಶಾಲೆಯಾಗಿ ಬೆಳೆಯಿತು.

ಇಂಗ್ಲೆಂಡಿನ ದಾರಿ ಬೇರೆ. ಹಳೆಯ ಚರ್ಚುಗಳನ್ನು ‘ಮೂಲರೂಪಕ್ಕೆ ತರುತ್ತೇವೆ’ ಎಂದು ಶತಮಾನಗಳ ಪದರುಗಳನ್ನೇ ಕೆರೆದು ಹಾಕುತ್ತಿದ್ದುದನ್ನು ಕಂಡು ವಿಲಿಯಂ ಮಾರಿಸ್, ಫಿಲಿಪ್ ವೆಬ್ ಮೊದಲಾದವರು 1877ರಲ್ಲಿ ಪುರಾತನ ಕಟ್ಟಡಗಳ ರಕ್ಷಣಾ ಸಂಘವನ್ನು ಕಟ್ಟಿದರು. ಪುನರ್ನಿರ್ಮಾಣ ಬೇಡ, ಕಾಲಕಾಲಕ್ಕೆ ದುರಸ್ತಿ ಮಾಡಿ ಎಂಬುದು ಅವರ ವಾದ. 1930ರಲ್ಲಿ ಸಂಘ ಆರಂಭಿಸಿದ ವಿದ್ವತ್‌ವೇತನ ಇಂದಿಗೂ ನಡೆಯುತ್ತಿದೆ. ಆಯ್ಕೆಯಾದ ಕೆಲವೇ ಕೆಲವು ಯುವ ವಾಸ್ತುಶಿಲ್ಪಿಗಳೂ ಎಂಜಿನಿಯರುಗಳೂ ತಿಂಗಳುಗಟ್ಟಲೆ ಊರೂರು ಸುತ್ತುತ್ತಾರೆ. ಸಾರುವೆ ಹತ್ತುತ್ತಾರೆ, ಕೆಲಸಗಾರರ ಜೊತೆ ಮಾತಾಡುತ್ತಾರೆ, ತಾವೂ ಕೈ ಹಚ್ಚುತ್ತಾರೆ. ಈ ಕ್ಷೇತ್ರದಲ್ಲಿ ಇದಕ್ಕಿಂತ ವಿವೇಕದ ಪಠ್ಯಕ್ರಮ ಬಂದಿದೆ ಎನ್ನುವುದು ಕಷ್ಟ. ಆದರೂ ಕುಶಲಕರ್ಮಿಗಳಿಗೆ ಅಂಥದೇ ಅವಕಾಶ ತೆರೆಯಲು 1980ರ ದಶಕದವರೆಗೆ ಕಾಯಬೇಕಾಯಿತು.

ಕೈಗೆ ತರಬೇತಿ ಏಕೆ ಬೇಕು ಎಂಬುದನ್ನು ಸುಣ್ಣದ ಗಾರೆ ಚೆನ್ನಾಗಿ ತೋರಿಸುತ್ತದೆ. 20ನೆಯ ಶತಮಾನದಲ್ಲಿ ಸಿಮೆಂಟು ಎಲ್ಲೆಡೆ ಹರಡಿತು. ಹಳೆಯ ಗೋಡೆಗಳ ಸಂದುಗಳಿಗೂ ಅದನ್ನೇ ತುಂಬಿದರು. ಸಿಮೆಂಟಿನ ಸಂದು ಮೃದುವಾದ ಕಲ್ಲಿಗಿಂತ, ಇಟ್ಟಿಗೆಗಿಂತ ಗಟ್ಟಿ. ತೇವವನ್ನು ಸುಲಭವಾಗಿ ಹೊರಬಿಡದು. ಗೋಡೆಯೊಳಗಿನ ನೀರು ಆಗ ಕಲ್ಲಿನ ಮೂಲಕವೇ ಹೊರಬರಬೇಕಾಗುತ್ತದೆ, ಬರುವಾಗ ಅದರಲ್ಲಿನ ಲವಣ ಹರಳುಗಟ್ಟಿ ಕಲ್ಲಿನ ಮೈ ಚಕ್ಕೆಯೇಳುತ್ತದೆ. ಸುಣ್ಣದ ಗಾರೆಯಾದರೆ ಕಲ್ಲನ್ನು ಉಳಿಸಿ ತಾನು ಸವೆಯುತ್ತದೆ. ಗಾರೆಯನ್ನು ಮತ್ತೆ ತುಂಬಬಹುದು, ಕಲ್ಲನ್ನು ತುಂಬಲಾಗದು. ನಮ್ಮ ಕಡೆ ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಿ, ಹಸಿಯಾಗಿಯೇ ದಿನಗಟ್ಟಲೆ ಇಟ್ಟು, ಮರಳು, ಇಟ್ಟಿಗೆ ಪುಡಿ ಬೆರೆಸಿ ಎತ್ತು ಎಳೆಯುವ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸುವ ರೂಢಿಯೂ ಇತ್ತು. ಪಾಕ ಹದಕ್ಕೆ ಬಂದಿತೇ ಎಂಬುದನ್ನು ಗಾರೆಯವ ಕರಣೆಗೆ ಅದು ಅಂಟುವ ರೀತಿಯಿಂದ ಹೇಳಬಲ್ಲ. ಆ ಹದವನ್ನು ಕೈಪಿಡಿಯಲ್ಲಿ ಬರೆಯಹೋದರೆ ಅರ್ಧ ಸೋರಿಹೋಗುತ್ತದೆ. ಇಂಗ್ಲೆಂಡಿನ ವೆಲ್ಸ್ ಕೆಥೆಡ್ರಲ್ಲಿನ ಪಶ್ಚಿಮ ಮುಖದ ಶಿಲ್ಪಗಳಿಗೆ 1970ರ ದಶಕದಲ್ಲಿ ರಾಬರ್ಟ್ ಬೇಕರ್ ಸುಣ್ಣದಿಂದಲೇ ಚಿಕಿತ್ಸೆ ನೀಡಿದಾಗ, ಮರೆತ ಈ ವಿದ್ಯೆ ಅಲ್ಲಿ ಮತ್ತೆ ಚಾಲ್ತಿಗೆ ಬಂತು.

ಎರಡನೆಯ ಮಹಾಯುದ್ಧದ ಹಾಳುಬೀಳಿನ ಬಳಿಕ ಸಂರಕ್ಷಣೆ ಅಂತರರಾಷ್ಟ್ರೀಯ ಹೊಣೆಯಾಯಿತು. ಇದರಲ್ಲಿ ಭಾರತದ ಹೆಸರೂ ಬರುತ್ತದೆ. 1956ರಲ್ಲಿ ನವದೆಹಲಿಯಲ್ಲಿ ನಡೆದ ಯುನೆಸ್ಕೋ ಮಹಾಸಮ್ಮೇಳನದಲ್ಲಿ ಒಪ್ಪಿಗೆ ಪಡೆದ ಅಧ್ಯಯನ ಕೇಂದ್ರ 1959ರಲ್ಲಿ ರೋಮಿನಲ್ಲಿ ಕೆಲಸ ಆರಂಭಿಸಿತು. ಇಂದು ಅದು ಇಕ್ರಾಮ್ ಎಂದು ಹೆಸರಾಗಿದೆ. 1960ರ ದಶಕದಲ್ಲಿ ರೋಮ್ ವಿಶ್ವವಿದ್ಯಾಲಯದೊಡನೆ ಅದು ನಡೆಸಿದ ವಾಸ್ತು ಸಂರಕ್ಷಣೆಯ ಕೋರ್ಸಿನಲ್ಲಿ ಹಲವು ದೇಶಗಳ ತಜ್ಞರು ಪಳಗಿದರು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಮಾರ್ಸ್ಟನ್ ಫಿಚ್ ಇಂಥ ಶಿಕ್ಷಣಕ್ಕೆ ಬುನಾದಿ ಹಾಕಿದ್ದೂ ಆ ದಶಕದಲ್ಲೇ. ಜಪಾನಿನ ಕ್ರಮ ಎಲ್ಲರಿಗಿಂತ ಭಿನ್ನ: 1975ರಲ್ಲಿ ತಿದ್ದುಪಡಿಯಾದ ಕಾನೂನು ಕಟ್ಟಡಗಳಿಗೆ ಮಾತ್ರವಲ್ಲ, ಅವನ್ನು ಉಳಿಸುವ ಕೌಶಲಗಳಿಗೂ ಅವನ್ನು ಬಲ್ಲವರಿಗೂ ಮಾನ್ಯತೆ ಕೊಟ್ಟಿತು.

ಭಾರತದಲ್ಲಿ ಪುರಾತತ್ವ ಇಲಾಖೆ 1861ರಲ್ಲೇ ಹುಟ್ಟಿದರೂ ದುರಸ್ತಿಗೆ ಕ್ರಮ ಬಂದದ್ದು ವೈಸರಾಯ್ ಲಾರ್ಡ್ ಕರ್ಜನ್, ಇಲಾಖೆಯ ಮಹಾನಿರ್ದೇಶಕ ಜಾನ್ ಮಾರ್ಷಲ್ ಕಾಲದಲ್ಲಿ. ದೆಹಲಿ ಕೆಂಪುಕೋಟೆಯ ದಿವಾನ್-ಇ-ಆಮ್‌ನ ಕಲ್ಲುಹರಳಿನ ಚಿತ್ರಫಲಕಗಳನ್ನು ಸರಿಪಡಿಸಲು ಕರ್ಜನ್ ಫ್ಲಾರೆನ್ಸಿನ ಕುಶಲಕರ್ಮಿಯನ್ನು ಕರೆಸಿದ್ದ. ಅಂಥದೇ ಪಚ್ಚೀಕಾರಿಗೆ ಹೆಸರಾದ ಆಗ್ರಾ ಪಕ್ಕದಲ್ಲೇ ಇರುವಾಗ ಇದು ಸೋಜಿಗವೇ. ಮಾರ್ಷಲ್‌ನ ‘ಕನ್ಸರ್ವೇಷನ್ ಮ್ಯಾನ್ಯುಯಲ್’ 1923ರಲ್ಲಿ ಅಚ್ಚಾಯಿತು. ನವೀಕರಿಸುವುದಲ್ಲ, ಇರುವುದನ್ನು ಕಾಪಾಡುವುದೇ ಮೊದಲ ಕರ್ತವ್ಯ ಎಂಬ ಅದರ ನಿಲುವು ಇಲಾಖೆಯ ಅಧಿಕಾರಿಗಳಿಗೆ ತಲೆಮಾರುಗಳ ಕಾಲ ಪಠ್ಯವಾಯಿತು. ಅದು ಅಧಿಕಾರಿಗಾಗಿ ಬರೆದ ಪುಸ್ತಕ. ಕಲ್ಲುಕುಟಿಗ ಅದನ್ನು ಓದುವವನಲ್ಲ.

1959ರಲ್ಲಿ ಇಲಾಖೆಯ ಪುರಾತತ್ವ ಶಾಲೆ ತೆರೆಯಿತು. 1985ರಲ್ಲಿ ಅದು ಸಂಸ್ಥೆಯಾಗಿ, ಈಗ ಪಂಡಿತ್ ದೀನದಯಾಳ್ ಉಪಾಧ್ಯಾಯರ ಹೆಸರಿನಲ್ಲಿ ಗ್ರೇಟರ್ ನೋಯ್ಡಾದಲ್ಲಿದೆ. ಲಖನೌದಲ್ಲಿ 1976ರಲ್ಲಿ ಸ್ಥಾಪನೆಯಾದ ಸಾಂಸ್ಕೃತಿಕ ಸ್ವತ್ತಿನ ಸಂರಕ್ಷಣಾ ರಾಷ್ಟ್ರೀಯ ಪ್ರಯೋಗಾಲಯ ಮೈಸೂರಿನಲ್ಲೂ ಶಾಖೆ ತೆರೆಯಿತು. 1984ರಲ್ಲಿ ಹುಟ್ಟಿದ ಪರಂಪರೆ ಸಂರಕ್ಷಣಾ ಸಂಸ್ಥೆ ಇಂಟ್ಯಾಕ್‌ಗಾಗಿ, ಇಕ್ರಾಮ್‌ನ ನಿರ್ದೇಶಕರಾಗಿದ್ದ ಬರ್ನಾರ್ಡ್ ಫೀಲ್ಡೆನ್ ಭಾರತದ ಪರಿಸ್ಥಿತಿಗೆ ಹೊಂದುವ ತಾಂತ್ರಿಕ ಕೈಪಿಡಿ ಬರೆದುಕೊಟ್ಟರು. ಅದು 1989ರಲ್ಲಿ ಪ್ರಕಟವಾಯಿತು. ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ ಸ್ನಾತಕೋತ್ತರ ಪಾಠ ಬಂತು. 2004ರ ಇಂಟ್ಯಾಕ್ ಸನ್ನದು ಸಾಂಪ್ರದಾಯಿಕ ಸ್ಥಪತಿಗಳ ಜ್ಞಾನವನ್ನೂ ಸಂರಕ್ಷಣೆಯ ಭಾಗವೆಂದು ಗಣಿಸಿತು. ಮಾರ್ಷಲ್ ಪರಂಪರೆಗೆ ಇದು ದೊಡ್ಡ ತಿದ್ದುಪಡಿ. 2007ರಲ್ಲಿ ಆಗಾ ಖಾನ್ ಟ್ರಸ್ಟ್ ಕೈಗೆತ್ತಿಕೊಂಡ ಹುಮಾಯೂನ್ ಸಮಾಧಿಯ ಕೆಲಸದಲ್ಲಿ ಮೇಲ್ಛಾವಣಿಯ ಕಾಂಕ್ರೀಟನ್ನು ಕಿತ್ತು ಸುಣ್ಣ ಹಾಕಿದ್ದೂ ಪಕ್ಕದ ನಿಜಾಮುದ್ದೀನ್ ಬಸ್ತಿಯ ಯುವಕರು ಹೆಂಚುಗಾರಿಕೆ ಕಲಿತದ್ದೂ ಒಟ್ಟಿಗೇ ನಡೆದವು.

ಕರ್ನಾಟಕದಲ್ಲಿ ಕೈಗಳ ಕೊರತೆಯಿಲ್ಲ. ಕಾರ್ಕಳದಲ್ಲಿ ಕೆನರಾ ಬ್ಯಾಂಕಿನ ಟ್ರಸ್ಟ್ ನಡೆಸುವ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯಲ್ಲಿ ಕಲ್ಲು, ಮರ, ಲೋಹದ ಕೆತ್ತನೆ ಕಲಿಸುತ್ತಾರೆ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ 1991ರಿಂದ ಹಳೆಯ ಗುಡಿಗಳ ಜೀರ್ಣೋದ್ಧಾರದಲ್ಲಿದೆ. ಆದರೆ ಹೊಸ ವಿಗ್ರಹ ಕೆತ್ತಲು ಪಳಗಿದವನಿಗೆ ಹೊಯ್ಸಳ ಗುಡಿಯ ಮುಕ್ಕಾದ ಮದನಿಕೆಯ ಮುಂದೆ ನಿಂತಾಗ ಬೇರೆ ಶಿಸ್ತು ಬೇಕು: ಬಳಪದ ಕಲ್ಲಿನ ಬಿರುಕಿಗೆ ಯಾವುದನ್ನು ತುಂಬಬೇಕು, ಕಳೆದುಹೋದ ಬೆರಳನ್ನು ಹಾಗೆಯೇ ಬಿಡಬೇಕೇ, ಉಳಿಯನ್ನು ಎಲ್ಲಿ ನಿಲ್ಲಿಸಬೇಕು.